ಮರದಲ್ಲಿ ಹುಲ್ಲಿನ ಗಂಟು, ಕೊಟ್ಟಿಗೆಯಲ್ಲಿ ಕರುವಿಲ್ಲ

ನನ್ನ ಕೆಲಸದ ಮೇಲೆ ದೊಡ್ಡಪ್ಪನಿಗೆ ಇದ್ದ ಸಿಟ್ಟು ದೊಡ್ಡದು. ದೊಡ್ಡಪ್ಪನ ಮೇಲೆ ನನಗಿದ್ದ ಸಿಟ್ಟು ಅದಕ್ಕಿಂತ ದೊಡ್ಡದು. ನಾನು ಓದಿದ್ದು ಪಶುವೈದ್ಯಕೀಯ. ಊರಿನ ದನಗಳನ್ನು ನೋಡಿಕೊಂಡಿರುವುದು ಬಿಟ್ಟು ಕರಾವಳಿಗೆ ಹೋದೆ. ದಡಕ್ಕೆ ಬಂದು ಬೀಳುವ ಸತ್ತ ಡಾಲ್ಫಿನ್‌ಗಳನ್ನು ಕೊಯ್ದು, ಯಾವ ಬ್ಯಾಕ್ಟೀರಿಯಾ ಅವುಗಳಲ್ಲಿ ಹಬ್ಬುತ್ತಿದೆ ಎಂದು ಕಣ್ಣಿಡುವ ತಂಡದಲ್ಲಿ ನನ್ನ ಕೆಲಸ. ನಮ್ಮದೋ ಮೊಟ್ಟೆಯನ್ನೂ ಹೊಸಿಲು ದಾಟಿಸದ ಮನೆ. ಅಪ್ಪ ತೀರಿಕೊಂಡ ಮೇಲೆ ಅಲ್ಲಿ ನಡೆಯುವುದೆಲ್ಲ ದೊಡ್ಡಪ್ಪನ ಮಾತೇ. ಹಳೇಬೀಡಿನಿಂದ ಅರಸೀಕೆರೆಗೆ ಹೋಗುವ ಬಸ್ಸಿಳಿದು, ತೆಂಗಿನ ತೋಟ ದಾಟಿ ನಾನು ಅಂಗಳಕ್ಕೆ ಕಾಲಿಟ್ಟರೆ ಸಾಕು, ಅವರು ಮೂಗು ಮುಚ್ಚಿಕೊಳ್ಳುತ್ತಿದ್ದರು.

"ಮೊದ್ಲು ಬಚ್ಚಲಿಗೆ ಹೋಗೇ. ಮೀನು ವಾಸ್ನೆ."

"ಅದು ಮೀನಲ್ಲ ದೊಡ್ಡಪ್ಪ. ಮರಿ ಹಾಕಿ ಹಾಲು ಕುಡಿಸೋ ಪ್ರಾಣಿ."

"ಹಾಲು ಕುಡ್ಸೋ ಮೀನು ಸಮುದ್ರದಾಗೆ ಐತಂತೆ ಕಣ್ರೋ," ಎಂದು ಜಗಲಿಯ ಮೇಲೆ ಕೂತವರಿಗೆ ಕೇಳಿಸುವಂತೆ ಹೇಳಿ ನಗುತ್ತಿದ್ದರು. ಜಗಲಿಯೂ ನಗುತ್ತಿತ್ತು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಆ ಸಲ ನಾನು ಊರಿಗೆ ಬಂದದ್ದು ತಮ್ಮನ ಹೆಂಡತಿಯನ್ನು ನೋಡಲು. ಅವಳು ಚೊಚ್ಚಲ ಬಸುರಿ. ಬರುವ ಮುಂಚಿನ ವಾರ ದಡದಲ್ಲಿ ಒಂದು ಹೆಣ್ಣು ಡಾಲ್ಫಿನ್ ಸತ್ತು ಬಿದ್ದಿತ್ತು, ಹೊಟ್ಟೆಯೊಳಗೆ ದಿನ ತುಂಬದ ಮರಿ. ಅದರ ಮಾಸಿನಲ್ಲಿ ಸಿಕ್ಕಿದ್ದು ಬ್ರುಸೆಲ್ಲಾ. ಹಸುಗಳು ಕಂದು ಹಾಕುವಂತೆ, ಅಂದರೆ ದಿನ ತುಂಬುವ ಮೊದಲೇ ಕರು ಕಳೆದುಕೊಳ್ಳುವಂತೆ ಮಾಡುವ ಬ್ಯಾಕ್ಟೀರಿಯಾದ ದಾಯಾದಿ. ಒಂದು ಉಪ್ಪುನೀರಿನಲ್ಲಿ, ಇನ್ನೊಂದು ಕೊಟ್ಟಿಗೆಯಲ್ಲಿ, ಮಾಡುವ ಹಾಳು ಕೆಲಸ ಒಂದೇ. ಬಸ್ಸಿನಲ್ಲಿ ಕೂತಾಗಲೂ ಆ ಮರಿ ನನ್ನ ಕಣ್ಣ ಮುಂದಿನಿಂದ ಹೋಗಿರಲಿಲ್ಲ.

ದಾರಿಯ ಆಲದ ಮರದಲ್ಲಿ ಹೊಸ ಹುಲ್ಲಿನ ಗಂಟೊಂದು ನೇತಾಡುತ್ತಿತ್ತು. ಹಸು ಕರು ಹಾಕಿದ ಮೇಲೆ ಬೀಳುವ ಮಾಸನ್ನು ನಮ್ಮ ಕಡೆ ನೆಲಕ್ಕೆ ಹಾಕುವುದಿಲ್ಲ. ಹುಲ್ಲಿನಲ್ಲಿ ಸುತ್ತಿ ಹಾಲು ಸುರಿಸುವ ಮರಕ್ಕೆ ಕಟ್ಟುತ್ತಾರೆ, ಹಸುವೂ ಹಾಗೇ ಹಾಲು ಸುರಿಸಲಿ ಎಂದು. ಆ ಕೊಂಬೆ ನಮ್ಮ ಮನೆಯವರು ಕಟ್ಟುವ ಕೊಂಬೆ. ಹಾಗಾದರೆ ಗಿಣ್ಣು ತಿನ್ನಬಹುದು ಎಂದು ಖುಷಿಯಾಯಿತು. ನೇರ ಕೊಟ್ಟಿಗೆಗೆ ಹೋದೆ. ಎರಡು ಹಸು ಇದ್ದವು, ಕರು ಇರಲಿಲ್ಲ.

"ಕರು ಎಲ್ಲಿ?"

"ಹೋರಿಕರ. ಕೊಟ್ಬಿಟ್ವಿ," ಎಂದರು ದೊಡ್ಡಪ್ಪ.

ಎಳೆಗರುವನ್ನು ತಾಯಿಯಿಂದ ಬಿಡಿಸಿ ಕೊಡುವ ಮನೆಯಲ್ಲ ನಮ್ಮದು. ಸಂಜೆ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ತಮ್ಮನ ಹೆಂಡತಿಯನ್ನು ಹಿಡಿದು ಕೇಳಿದೆ.

"ಕಂದು ಹಾಕ್ತು ಅತ್ತಿಗೆ. ಯಾರ್ಗೂ ಹೇಳ್ಬಾರ್ದು ಅಂದವ್ರೆ ದೊಡ್ಡ ಮಾವ." ಮಾಸನ್ನು ಹುಲ್ಲಿಗೆ ಸುತ್ತಿದ್ದು ಇವಳೇ, ಬರಿಗೈಯಲ್ಲಿ. ನಾಲ್ಕು ದಿನದಿಂದ ಸಂಜೆಯಾದರೆ ಜ್ವರ. ಮುಟ್ಟಿ ನೋಡಿದೆ, ಕೈ ಬಿಸಿಯಿತ್ತು.

ಮರುದಿನ ಬೆಳಿಗ್ಗೆ ಕಂಡದ್ದನ್ನು ನೆನೆದರೆ ಈಗಲೂ ಹಲ್ಲು ಕಚ್ಚುತ್ತೇನೆ. ಕಂದು ಹಾಕಿದ್ದರೂ ಆ ಹಸು ಅಷ್ಟಿಷ್ಟು ಹಾಲು ಕೊಡುತ್ತಿತ್ತು. ದೊಡ್ಡಪ್ಪ ತಾವೇ ಹಾಲು ಕರೆದು, ನೊರೆ ಆರುವ ಮುಂಚೆ, ಹಸಿಹಾಲಿನ ಲೋಟವನ್ನು ಬಸುರಿಯ ಕೈಗೆ ಕೊಟ್ಟರು. ನೊರೆಹಾಲು ಕುಡಿದರೆ ಮಗು ಗಟ್ಟಿಯಾಗುತ್ತದಂತೆ. ದಿನವೂ ಹೀಗೇ, ಪ್ರೀತಿಯಿಂದಲೇ. ನಾನು ಲೋಟ ಕಿತ್ತುಕೊಂಡು ಅಂಗಳಕ್ಕೆ ಚೆಲ್ಲಿದೆ.

"ಹಾಲು ಕಾಯಿಸದೆ ಯಾರೂ ಕುಡೀಬೇಡಿ. ಹಸು ಕಂದು ಹಾಕೋ ರೋಗ ಹಾಲಿಂದ, ಮಾಸಿಂದ ಮನುಷ್ಯರಿಗೂ ಬರುತ್ತೆ. ಹಸುವಿನ ರಕ್ತ ಪರೀಕ್ಷೆ ಆಗಬೇಕು. ಇವಳದ್ದೂ."

ದೊಡ್ಡಪ್ಪ ಖಾಲಿ ಲೋಟವನ್ನು ನನ್ನ ಕೈಯಿಂದ ಕಸಿದುಕೊಂಡರು. "ಆ ರೋಗ ನೀನೇ ತಂದಿರೋದು ಕಣೇ, ಸಮುದ್ರದಿಂದ."

"ಹಸು ಕಂದು ಹಾಕಿದ್ದು ನಾನು ಬರೋ ಮುಂಚೆ."

"ಹಂಗಾರೆ ಹೋದ ಸಲ ಬಂದಾಗ ತಂದಿದ್ದೀಯ."

ಇಂಥವರ ಜೊತೆ ಏನು ಮಾತು. ಅವಳ ಜ್ವರಕ್ಕೆ ಅರಸೀಕೆರೆಯ ಕ್ಲಿನಿಕ್ಕಿನಲ್ಲಿ ಟೈಫಾಯ್ಡ್ ಎಂದು ಕೊಟ್ಟಿದ್ದ ಮಾತ್ರೆಗಳು ಸಾಕು ಎಂದು ಅವರು ಹಟ ಹಿಡಿದರು. ತಮ್ಮ ಅವರ ಮುಖ ನೋಡಿದ, ನನ್ನ ಮುಖ ನೋಡಿದ, ಕೊನೆಗೆ ತೋಟಕ್ಕೆ ಹೋದ. ನಾನೇ ಅವಳನ್ನು ಬಸ್ಸು ಹತ್ತಿಸಿ ಹಾಸನದ ಆಸ್ಪತ್ರೆಗೆ ಕರೆದುಕೊಂಡು ಹೋದೆ. ರಕ್ತದಲ್ಲಿ ಇದ್ದದ್ದು ಹಸುವಿನ ಬ್ರುಸೆಲ್ಲಾ. ಚಿಕಿತ್ಸೆ ಶುರುವಾಯಿತು, ಅವಳು ಉಳಿದಳು. ಮಗು ಉಳಿಯಲಿಲ್ಲ.

ಸುದ್ದಿ ಕೇಳಿ ಬಂದ ದೊಡ್ಡಪ್ಪ ಆಸ್ಪತ್ರೆಯ ಗೋಡೆಗೆ ಒರಗಿ ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡು ಅತ್ತರು. ಕನಿಕರ ಬಂದು ನೀರು ತಂದುಕೊಟ್ಟೆ. ಕಣ್ಣೊರೆಸಿಕೊಂಡು ಅವರು ಹೇಳಿದ್ದು ಕೇಳಿ ಆ ಕನಿಕರವೂ ಸತ್ತಿತು.

"ಹಸು ಮಾತು ಎತ್ಬೇಡಿ. ಗೊತ್ತಾದ್ರೆ ಡೈರಿಯಾಗೆ ನಮ್ ಹಾಲು ಮುಟ್ಟಾಕಿಲ್ಲ. ಮರ್ಯಾದೆ ಹೋಯ್ತದೆ."

ಕಡಲಿನಲ್ಲಿ ಡಾಲ್ಫಿನ್ ಸತ್ತರೆ ಬಲೆ ಎಳೆಯುವವರು ಫೋನ್ ಮಾಡುತ್ತಾರೆ. ನಾಯಿ ಎಳೆಯದಂತೆ ಕಾದು ನಿಲ್ಲುತ್ತಾರೆ. ಯಾರ ಮನೆಯದೂ ಅಲ್ಲದ ಪ್ರಾಣಿಯ ಸಾವು ನನಗೆ ತಿಳಿಯುತ್ತದೆ. ನನ್ನ ಮನೆಯ ಹಸು ಕಂದು ಹಾಕಿದ್ದನ್ನು ನಾನು ಮರ ನೋಡಿ ತಿಳಿಯಬೇಕು. ಇದನ್ನೇ ದೊಡ್ಡಪ್ಪನಿಗೆ ಹೇಳಿದೆ, ವಾರ್ಡಿನ ನರ್ಸು ಬಂದು ಗದರಿಸುವಷ್ಟು ಜೋರಾಗಿ. ಒಳಗೆ ಮಂಚದ ಮೇಲಿದ್ದವಳಿಗೂ ಕೇಳಿಸಿರಬೇಕು. ನಾನು ಹತ್ತಿರ ಹೋದಾಗ ಅವಳು ಗೋಡೆಯ ಕಡೆ ತಿರುಗಿಕೊಂಡೇ ಇದ್ದಳು.

"ಹೇಳ್ಬಿಡಿ ಅತ್ತಿಗೆ. ಎಲ್ಲರ್ಗೂ ಹೇಳ್ಬಿಡಿ."

ಮಾರನೆಯ ಬೆಳಿಗ್ಗೆ ಊರ ಡೈರಿಗೆ ಹೋದೆ. ಕ್ಯಾನು ಹಿಡಿದವರ ಸಾಲಿನಲ್ಲಿ ದೊಡ್ಡಪ್ಪನೂ ಇದ್ದರು. ನನ್ನನ್ನು ನೋಡಿ ತಲೆಯಲ್ಲೇ ಬೇಡ ಎಂದರು. ನಾನು ಹೇಳಿದೆ. ನಮ್ಮ ಹಸು ಕಂದು ಹಾಕಿದೆ, ಅದೇ ರೋಗ ನಮ್ಮ ಹುಡುಗಿಗೆ ಬಂತು, ಮಗು ಹೋಯಿತು, ಯಾರೂ ಹಸಿಹಾಲು ಕುಡಿಯಬೇಡಿ, ಮಾಸನ್ನು ಬರಿಗೈಯಲ್ಲಿ ಮುಟ್ಟಬೇಡಿ, ದನಗಳ ಪರೀಕ್ಷೆ ಮಾಡಿಸಿ.

ಹಾಲು ಅಳೆಯುತ್ತಿದ್ದವನ ಕೈ ನಿಂತಿತು. ದೊಡ್ಡಪ್ಪ ನನ್ನ ಮುಖಕ್ಕೆ ಉಗಿಯುವಂತೆ ನೋಡಿ, ಕ್ಯಾನು ಎತ್ತಿಕೊಂಡು ಸಾಲು ಬಿಟ್ಟು ಹೊರಟರು. ಆಗ ಹಿಂದಿನ ಬೀದಿಯ ಮುದುಕಿಯೊಬ್ಬಳು ತನ್ನ ಕ್ಯಾನನ್ನು ನೆಲಕ್ಕಿಟ್ಟು ಮುಚ್ಚಳ ಹಾಕಿದಳು.

"ನಮ್ದೂ ಕಂದು ಹಾಕ್ತು ಕಣವ್ವ, ಸಂಕ್ರಾಂತಿ ಮುಂದೆ," ಎಂದಳು. "ನನ್ ಸೊಸೆಗೂ ಎರಡು ಸಲ ಬಸ್ರು ನಿಲ್ಲಲಿಲ್ಲ. ಹೆಣ್ಣೇ ಸರಿ ಇಲ್ಲ ಅಂತ ತವರಿಗೆ ಕಳ್ಸಿಬಿಟ್ವಿ."