ಒಂಬತ್ತು ಗಂಟೆಯವರೆಗೆ ಹಂಸ

ಹಕ್ಕಿ ನೋಡುವವನು ನೆಲವನ್ನೂ ನೋಡಬೇಕು. ನಾನು ಅದನ್ನು ಮರೆತು, ಹೆಬ್ಬೂರಿನಾಚೆಯ ಕೆರೆಯೊಂದರ ದಡದಲ್ಲಿ ಬೈನಾಕ್ಯುಲರ್ ಕಣ್ಣಿಗಿಟ್ಟುಕೊಂಡೇ ಎರಡು ಹೆಜ್ಜೆ ಮುಂದೆ ಹೋದೆ. ಎಡಗಾಲು ಮೊಣಕಾಲಿನವರೆಗೆ ಕೆಸರಿಗಿಳಿಯಿತು. ಎಳೆದರೆ ಕಾಲು ಬಂತು, ಶೂ ಬರಲಿಲ್ಲ.

ಏರಿಯ ಮೇಲೆ ನಿಂತಿದ್ದ ಹೆಂಗಸೊಬ್ಬರು ಇಳಿದುಬಂದು, ಕೋಲು ಹಾಕಿ ಶೂ ಮೀಟಿ ತೆಗೆದು, ಬೋರಲು ಹಾಕಿ ನೀರು ಸುರಿದರು.

“ಮೀನೇನೂ ಸಿಕ್ಕಿಲ್ಲ ಬುಡಿ ಸಾರ್.”

ಅವರೇ ಮಹಾಲಕ್ಷ್ಮಮ್ಮ. ಊರಿನ ಹಾಲಿನ ಡೈರಿಯಲ್ಲಿ ಇಪ್ಪತ್ತೆರಡು ವರ್ಷದಿಂದ ಹಾಲು ಪರೀಕ್ಷೆ ಮಾಡುವವರು. ಲ್ಯಾಕ್ಟೋಮೀಟರನ್ನು ಹಾಲಿಗೆ ಬಿಟ್ಟು ಇವರು ಮೊದಲು ನೋಡುವುದು ಹಾಲು ತಂದವರ ಮುಖವನ್ನು. ಒಮ್ಮೆ ಸ್ವಂತ ಮೈದುನ ದೊಡ್ಡರಂಗಯ್ಯನ ಕ್ಯಾನನ್ನೇ ಪಕ್ಕಕ್ಕಿಟ್ಟು, “ಹಸೂನ ಮಳೇಲಿ ಕಟ್ಟಿದ್ದೇನ್ಲಾ?” ಎಂದು ಕೇಳಿದರಂತೆ. ಮೋಡವೂ ಇಲ್ಲದ ಫೆಬ್ರವರಿ ಅದು. ಆತ ಆರು ತಿಂಗಳು ಅತ್ತಿಗೆಯ ಮನೆ ತುಳಿಯಲಿಲ್ಲ; ಹಾಲು ಮಾತ್ರ ಗಟ್ಟಿಯಾಗಿ ಬಂತು.

“ಅಷ್ಟೊಂದು ಏನ್ ನೋಡ್ತಿದ್ರಿ?”

“ಹಂಸ!” ಎಂದೆ.

ಚಳಿಗಾಲಕ್ಕೆ ಬಂದ ನೂರು ಹೆಬ್ಬಾತುಗಳ ಬೂದು ಗುಂಪಿನ ನಡುವೆ ಒಂದೇ ಒಂದು ಬೆಳ್ಳಗೆ, ಕತ್ತೆತ್ತಿಕೊಂಡು ತೇಲುತ್ತಿತ್ತು. ತುಮಕೂರು ಸೀಮೆಯಲ್ಲಿ ಹಂಸ! ನಾನಾಗಲೇ ಪಕ್ಷಿವೀಕ್ಷಕರ ವಾಟ್ಸಾಪ್ ಗುಂಪಿನಲ್ಲಿ ಸಾರಿಯಾಗಿತ್ತು. ಗುಂಪಿನ ಹಿರಿಯರಾದ ಗುರುಪ್ರಕಾಶ್ ಮರುದಿನ ಬೆಳಿಗ್ಗೆ ಹದಿನಾಲ್ಕು ಜನರನ್ನು ವ್ಯಾನಿನಲ್ಲಿ ಕರೆತರುವವರಿದ್ದರು.

“ಆ ಬಿಳೀದಾ? ನಮ್ಮನೆ ಬಾತು ಸಾರ್. ಕಾವಲಿಗೆ ಅಂತ ಜೋಡಿ ಸಾಕಿದ್ದೆ. ಈ ಬೂದು ಹಕ್ಕಿಗಳು ಬಂದಿದ್ದೇ ಬಂದಿದ್ದು, ನೆಂಟರು ಸಿಕ್ಕಂಗಾಗಿ ಕೆರೆಗಿಳಿದೋಳು ಮನೆ ಕಡೆ ತಲೆ ಹಾಕಿಲ್ಲ. ಗಂಡು ಮೂರು ದಿನದಿಂದ ಕಾಳು ಮುಟ್ಟಿಲ್ಲ. ಹಿಂಗೇ ಆದ್ರೆ ಉಳಿಯಲ್ಲ ಅದು. ಈಗ ಆ ಗಂಡನ್ನೇ ತಂದು ದಡದಲ್ಲಿ ಬುಡ್ತೀನಿ, ಕೂಗಿದ್ರೆ ಬತ್ತಾಳೆ.”

ನನ್ನ ಕಣ್ಣ ಮುಂದೆ ಆ ವ್ಯಾನು ಬಂದು ನಿಂತಿತು. “ನಾಳೆ ಬೆಳಿಗ್ಗೆಯವರೆಗೆ ಅದು ಹಂಸವಾಗಿರ್ಲಿ ತಾಯಿ. ನನ್ನ ಮರ್ಯಾದೆ ಪ್ರಶ್ನೆ.”

ಕ್ಯಾನು ಹಿಡಿದು ಸಾಲಿನಲ್ಲಿ ನಿಂತವನನ್ನು ನೋಡುವಂತೆ ಆಕೆ ನನ್ನ ಮುಖ ನೋಡಿದರು.

“ಡೈರಿ ಕೆಲ್ಸ ಮುಗ್ಸಿ ಒಂಬತ್ತಕ್ಕೆ ಬತ್ತೀನಿ. ಅಲ್ಲೀಗಂಟ ಹಂಸ. ಯಾರಾದ್ರೂ ಕೇಳಿದ್ರೆ ಮಾತ್ರ ಸುಳ್ಳು ಹೇಳಕಾಗಲ್ಲ.”

ಮರುದಿನ ಏಳಕ್ಕೆ ಬರಬೇಕಿದ್ದ ವ್ಯಾನು ತಟ್ಟೆ ಇಡ್ಲಿಗೆ ನಿಂತು ಎಂಟೂ ಮುಕ್ಕಾಲಿಗೆ ಬಂತು. ಗುರುಪ್ರಕಾಶ್ ದೂರದರ್ಶಕ ನಿಲ್ಲಿಸಿ, ಪುಸ್ತಕ ಬಿಚ್ಚಿ, “ಕೊಕ್ಕು ನೋಡ್ರಿ! ಇದು ಸಾಮಾನ್ಯ ಹಂಸ ಅಲ್ಲ” ಎಂದರು. ಅದು ನಿಜವೇ ಆಗಿತ್ತು. ಸೈಬೀರಿಯಾವೋ ಮಂಗೋಲಿಯಾವೋ ಎಂದು ವಾದ ಶುರುವಾಯಿತು. ಯಾರೋ ನನಗೆ ಕೈಕುಲುಕಿ ಫೋಟೊ ತೆಗೆದರು. ನಾನು ನಗುತ್ತಾ ಗಡಿಯಾರ ನೋಡಿದೆ.

ಸರಿಯಾಗಿ ಒಂಬತ್ತಕ್ಕೆ ಮಹಾಲಕ್ಷ್ಮಮ್ಮ ಏರಿ ಇಳಿದು ಬಂದರು. ಕಂಕುಳಲ್ಲಿ ಗಂಡು ಬಾತು. ದಡದಲ್ಲಿ ಇಳಿಸಿದ್ದೇ ತಡ, ಅದು ಲಾರಿ ಹಾರ್ನಿನಂತೆ ಅರಚಿತು. ಕೆರೆಯ ನಡುವಿನ ಹಂಸ ಸೈಬೀರಿಯಾ, ಮಂಗೋಲಿಯಾ ಎರಡನ್ನೂ ಬಿಟ್ಟು, ಅದಕ್ಕಿಂತ ಜೋರಾಗಿ ಅರಚುತ್ತಾ ನೇರ ನಮ್ಮ ಕಡೆಗೆ ಈಜಿ ಬಂತು. ಎರಡೂ ಕತ್ತು ಚಾಚಿ ಒಂದಕ್ಕೊಂದು ಬೈದುಕೊಂಡವು. ಆಮೇಲೆ ಗಂಡು ತಲೆ ತಗ್ಗಿಸಿ, ಮಹಾಲಕ್ಷ್ಮಮ್ಮನ ಅಂಗೈಯಲ್ಲಿದ್ದ ರಾಗಿ ತಿನ್ನತೊಡಗಿತು. ಆಕೆಯ ಮುಖ ಗೆಲುವಾಯಿತು.

ಹದಿನಾಲ್ಕು ಜನ ನನ್ನನ್ನು ನೋಡಿದರು. ನಾನು ಶೂ ನೋಡಿಕೊಂಡೆ.

ಗುರುಪ್ರಕಾಶ್ ಪುಸ್ತಕ ಮುಚ್ಚಿದರು. “ಹಾಗಾದ್ರೆ ಇದು ಹಂಸ ಅಲ್ವೇನಮ್ಮಾ?”

ಮಹಾಲಕ್ಷ್ಮಮ್ಮ ಸೆರಗಿಗೆ ಕೈ ಒರೆಸಿಕೊಂಡರು.

“ಹಂಸ ಆದ್ರೆ ಹಾಲು ಬೇರೆ, ನೀರು ಬೇರೆ ಮಾಡ್ಬೇಕಲ್ವಾ ಸಾರ್? ನಮ್ಮೂರಲ್ಲಿ ಆ ಕೆಲ್ಸಕ್ಕೆ ನಾನಿದೀನಿ. ಇದು ಗೇಟು ಕಾಯ್ತದೆ.”