ಕಾಗೆಗಳಿಗೆ ಗುರುತಾದ ಮೂಗು

ಬೀದಿಯವರೆಲ್ಲ ಅವಳನ್ನು ಗಿರಗಿಟ್ಲೆ ಅಂತಲೇ ಕರೆಯುತ್ತಿದ್ದರು. ಡ್ರೋನ್ ಹಾರಿಸುವ ಲೈಸೆನ್ಸ್ ತಂದ ದಿನ ಪಕ್ಕದ ಮನೆಯ ಅತ್ತೆ ಇಟ್ಟ ಹೆಸರು. ಹಳೆಯ ಹೆಸರು ನೆನಪಿದ್ದದ್ದು ಅಪ್ಪನಿಗೆ ಮಾತ್ರ. ಕೋಪ ಬಂದರೆ ಅವರೂ ಮರೆಯುತ್ತಿದ್ದರು.

ಅಪ್ಪ ರಿಟೈರಾದ ಬಸ್ ಕಂಡಕ್ಟರ್. ಸರ್ವೀಸೆಲ್ಲ ನಿಂತೇ ಕಳೆದವರು, ಈಗಲೂ ಕುರ್ಚಿ ಖಾಲಿ ಬಿಟ್ಟು ಬಾಗಿಲಿಗೆ ಒರಗಿ ನಿಲ್ಲುತ್ತಿದ್ದರು.

"ತಲೆ ಎತ್ಕೊಂಡು ಆಕಾಶ ನೋಡೋದಕ್ಕೆ ಯಾವನಮ್ಮಾ ಸಂಬಳ ಕೊಡ್ತಾನೆ?"

"ಕೊಡ್ತಾರಪ್ಪ. ಚಾವಣಿ ನೋಡೋಕೆ ಏಣಿ ಹತ್ತಿ ಬಿದ್ದವನ ಆಸ್ಪತ್ರೆ ಖರ್ಚಿಗಿಂತ ಕಮ್ಮಿನೇ ಆಗುತ್ತೆ."

ಮೊದಮೊದಲು ಮನೆ ಮಾರುವವರಿಗೆ ಮೇಲಿನಿಂದ ಫೋಟೊ ತೆಗೆದುಕೊಟ್ಟಳು. ಮೇಲಿನಿಂದ ಬಿರುಕೆಲ್ಲ ಕಾಣುತ್ತದೆಂದು ತಿಳಿದ ಮೇಲೆ ಅವರು ಕರೆಯುವುದನ್ನೇ ಬಿಟ್ಟರು. ಬಿರುಕೇ ಬೇಕೆನ್ನುವ ಒಬ್ಬರು ಆಮೇಲೆ ಸಿಕ್ಕರು: ಗೋದಾಮುಗಳ ಮ್ಯಾನೇಜರು. "ಈ ಒಂದು ಚಾವಣಿ ಪೂರ್ತಿ ತೋರ್ಸಿ, ಉಳಿದ ಗೋದಾಮೆಲ್ಲ ನಿಮಗೇ" ಎಂದರು.

ಆ ಚಾವಣಿಯ ಅಂಚಿನಲ್ಲಿ ಕಾಗೆಗೂಡಿತ್ತು. ಡ್ರೋನ್ ಮೇಲೇರಿದ್ದೇ ತಡ, ಕಾಗೆಗಳು ಅದನ್ನು ಬಿಟ್ಟು ಕೆಳಗೆ ರಿಮೋಟ್ ಹಿಡಿದು ನಿಂತವಳ ನೆತ್ತಿಗೇ ಕುಕ್ಕಿದವು. ಆಡಿಸುವವರು ಯಾರೆಂದು ಅವಕ್ಕೆ ಕೂಡಲೇ ಗೊತ್ತಾಗಿತ್ತು. ಮರುದಿನ ಟೋಪಿ ಬದಲಿಸಿ ಹಿಂದಿನ ಗೇಟಿನಿಂದ ಹೋದಳು. ಅಲ್ಲಿಗೂ ಬಂದವು.

"ನಾಳೆ ಒಂದಿನ ನೋಡ್ತೀನಮ್ಮ. ಆಗ್ಲಿಲ್ಲ ಅಂದ್ರೆ ಏಣಿ ಹತ್ತೋನನ್ನೇ ಕರೀತೀನಿ" ಎಂದರು ಮ್ಯಾನೇಜರು.

ನೆತ್ತಿಗೆ ಪಟ್ಟಿ ಅಂಟಿಸಿಕೊಂಡು ಮನೆಗೆ ಬಂದಳು.

"ಕಾಗೆ ಬಂತು, ಕೆಲಸ ಆಗ್ಲಿಲ್ಲ. ಟೋಪಿ ಬದಲಾಯಿಸಿ ಹೋದ್ರೂ ಬಿಡ್ಲಿಲ್ಲ."

"ನನ್ಹತ್ರನೇ ಕಾಗೆ ಹಾರಿಸ್ತೀಯಾ?"

ಮಗಳು ತಲೆ ಬಗ್ಗಿಸಿ ಗಾಯ ತೋರಿಸಿದಳು. ಅಪ್ಪ ಕನ್ನಡಕ ಹಾಕಿಕೊಂಡು ನೋಡಿದರು.

"ಟೋಪಿ ಬದಲಾಯಿಸಿದ್ರೂ ಗುರುತು ಹಿಡಿದ್ವಾ?"

"ಹೂಂ."

"ಮೂಗು ನೋಡಿರ್ತವೆ."

ಆ ಮೂಗು ಅಪ್ಪನದೇ. ಎರಡನ್ನೂ ಒಂದೇ ಅಚ್ಚಿನಲ್ಲಿ ಹಾಕಿದ್ದಾರೆ ಎಂದು ನೆಂಟರೆಲ್ಲ ಹೇಳುತ್ತಿದ್ದರು. ಅಪ್ಪ ಸ್ವಲ್ಪ ಹೊತ್ತು ತಮ್ಮ ಮೂಗನ್ನೇ ಸವರಿಕೊಂಡರು. ಆಮೇಲೆ, "ನೀನು ಕೆಲಸಕ್ಕೆ ಹಾಕ್ಕೊಳ್ಳೋ ಆ ಕಿತ್ತಳೆ ಜಾಕೆಟ್ ಕೊಡಿಲ್ಲಿ" ಎಂದರು.

ಬೆಳಿಗ್ಗೆ ಮುಂದಿನ ಗೇಟಿನಲ್ಲಿ ಅಪ್ಪ ಜಾಕೆಟ್ ತೊಟ್ಟು, ಛತ್ರಿ ಬಿಚ್ಚಿ, ಮೂಗು ಮಾತ್ರ ಹೊರಗಿಟ್ಟು ನಿಂತರು. ಮಗಳು ಲಾರಿಯ ಮರೆಯಿಂದ ಡ್ರೋನ್ ಎಬ್ಬಿಸಿದಳು. ಕಾಗೆಗಳು ಅತ್ತಿತ್ತ ನೋಡಿ, ಹೆಚ್ಚು ಯೋಚಿಸದೆ ಛತ್ರಿಯ ಮೇಲೆರಗಿದವು.

ಛತ್ರಿಯ ಕೆಳಗಿನಿಂದ ಮಾತ್ರ ಬಸ್ ರಿವರ್ಸ್ ಮಾಡಿಸುವ ಹಳೆಯ ದನಿ ಬರುತ್ತಲೇ ಇತ್ತು: "ಬರ್ಲಿ, ಬರ್ಲಿ... ಎಡಗಡೆ ಕಂಬ ಇದೆ... ಹೋಲ್ಡಾನ್! ಹಾಂ, ಈಗ ರೈಟ್!"

ಚಾವಣಿ ಮುಗಿಯಿತು. ಬಿರುಕು ಬೇಕಾದಷ್ಟು ಸಿಕ್ಕವು. ಮ್ಯಾನೇಜರಿಗೆ ಖುಷಿಯಾಯಿತು.

"ಉಳಿದ ಗೋದಾಮಿಗೆ ಸೋಮವಾರದಿಂದ ಬನ್ನಿ. ಅಂದ ಹಾಗೆ, ಆ ಛತ್ರಿಯವ್ರು ಯಾರು?"

"ನಮ್ಮ ಸ್ಟಾಫು ಸರ್. ಆಕಾಶ ನೋಡ್ಕೋತಾರೆ."

"ಅವರನ್ನೂ ಕರ್ಕೊಂಬನ್ನಿ."

ಸಂಜೆ ಪಕ್ಕದ ಮನೆಯ ಅತ್ತೆ ಕಾಂಪೌಂಡಿನಾಚೆಯಿಂದ ಇಣುಕಿದರು. "ಏನು ಕೆಲಸಕ್ಕೆ ಸೇರಿದ್ರಂತೆ? ತಲೆ ಎತ್ಕೊಂಡು ನಿಂತ್ರೆ ಸಂಬಳ ಕೊಡ್ತಾರಂತಲ್ಲ?"

"ನಿಂತು ನೋಡಮ್ಮ, ಗೊತ್ತಾಗುತ್ತೆ. ಕತ್ತು ಬಿದ್ದೋಗುತ್ತೆ" ಎಂದು ಅಪ್ಪ ಒಳಗೆ ಹೋಗಿ ಕುರ್ಚಿಯಲ್ಲಿ ಕುಳಿತರು.