ಕಟಗೇರಿ ಮಾಸ್ತರರೂ ಕೆಂಪು ದೀಪವೂ

ಕಟಗೇರಿ ಮಾಸ್ತರರು ಕಾರಿನ ಹಾಜರಿ ಕರೆಯುತ್ತಿದ್ದರು. ಚೇಷ್ಟೆ ಮಾಡುತ್ತಿಲ್ಲ, ನಾನೇ ಕಣ್ಣಾರೆ ನೋಡಿದ್ದೇನೆ. ಕೀಲಿಯನ್ನು ಅರ್ಧ ತಿರುಗಿಸಿದ ಕೂಡಲೇ ಮೀಟರಿನ ದೀಪಗಳೆಲ್ಲ ಒಮ್ಮೆಲೇ ಹೊತ್ತಿಕೊಳ್ಳುತ್ತವಲ್ಲ, ಆಗ ಮಾಸ್ತರರು ಚಶ್ಮಾ ಮೂಗಿನ ತುದಿಗೆ ಇಳಿಸಿ ತೋರುಬೆರಳಿನಿಂದ ಒಂದೊಂದನ್ನೇ ಮುಟ್ಟಿ ಹೆಸರು ಕರೆಯುವರು. "ಎಣ್ಣಿ? ಬ್ಯಾಟರಿ? ಬ್ರೇಕು? ಬೆಲ್ಟು?" ಆಮೇಲೆ ಎಂಜಿನ್ ಶುರುವಾಗಿ ದೀಪಗಳು ಆರಿದಂತೆಲ್ಲ, "ಹೋತು, ಇದೂ ಹೋತು" ಎಂದು ತಾವೇ ಉತ್ತರ ಹೇಳಿಕೊಳ್ಳುವರು. ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಹಾಜರಿ ಕರೆದ ನಾಲಿಗೆ. ನಿವೃತ್ತಿಯಾದ ಮಾತ್ರಕ್ಕೆ ಸುಮ್ಮನಾಗಬೇಕಲ್ಲ. ಕೊನೆಯ ದೀಪ ಆರುವವರೆಗೆ ಅವರು ಗೇರಿಗೆ ಕೈ ಹಾಕುತ್ತಿರಲಿಲ್ಲ. ಹಿಂದೆ ಲಾರಿಯವ ಹಾರ್ನ್ ಹೊಡೆದು ಸತ್ತರೂ ಅಷ್ಟೇ.

ನನಗೆ ಕನ್ನಡ ಕಲಿಸಿದವರು ಅವರೇ. ಕಮತಗಿಯಲ್ಲಿ ಬಾಗಲಕೋಟೆ ರಸ್ತೆಗೆ ಮುಖ ಮಾಡಿ ನನ್ನದೊಂದು ಅಂಗಡಿ ಇದೆ; ಗಾಡಿಗಳ ವೈರಿಂಗ್, ಬ್ಯಾಟರಿ, ಡೈನಮೋ ಕೆಲಸ. ಹತ್ತನೇ ಇಯತ್ತೆಯಲ್ಲಿ ಕನ್ನಡವೊಂದರಲ್ಲಿ ಮಾತ್ರ ನನಗೆ ಒಳ್ಳೆಯ ಅಂಕ ಬಂದಿದ್ದವು. ಅದಕ್ಕೆ ಮಾಸ್ತರರ ಮುತುವರ್ಜಿ ಅರ್ಧ ಕಾರಣ, ಅವರ ಬೆತ್ತ ಇನ್ನರ್ಧ. "ಇಮಾಮ, ನಿನ್ನ ಬರವಣಿಗಿ ಚೊಲೋ ಅದ. ನಾಲಿಗಿ ಅಷ್ಟ ಚೊಲೋ ಇಲ್ಲ. ಅದು ಎದುರಿನವ್ರನ್ನ ನೋಡೂದಿಲ್ಲ," ಅನ್ನುತ್ತಿದ್ದರು. ಖರೆ ಮಾತು. ನನ್ನ ಬಾಯಿ ಮೊದಲಿನಿಂದಲೂ ಹಾಗೇ. ನಾಲ್ಕು ಜನ ನಗುತ್ತಾರೆ ಅಂದರೆ ಯಾರನ್ನಾದರೂ ಚುಚ್ಚಿಬಿಡುತ್ತೇನೆ.

ಅರವತ್ತೊಂದು ತುಂಬಿದ ಮೇಲೆ ಅವರು ಕಾರು ಕಲಿತದ್ದು ಶೋಕಿಗಲ್ಲ. ಅವರ ಹೆಂಡತಿ ಇಂದುಮತಿಯವರ ಎರಡೂ ಕಿಡ್ನಿ ಕೈಕೊಟ್ಟಿದ್ದವು. ಓಣಿಯವರೆಲ್ಲ ಅವರನ್ನು ವೈನಿ, ಅಂದರೆ ಅತ್ತಿಗೆ, ಎನ್ನುತ್ತಿದ್ದೆವು. ಗುಳೇದಗುಡ್ಡದ ಹೆಣ್ಣುಮಗಳು, ಖಣದ ಕುಪ್ಪಸ ಬಿಟ್ಟು ಬೇರೆ ತೊಟ್ಟದ್ದನ್ನು ನಾನು ನೋಡಿಲ್ಲ. ವಾರಕ್ಕೆ ಮೂರು ಸಲ ಬಾಗಲಕೋಟೆಗೆ ಹೋಗಿ ರಕ್ತ ತೊಳೆಸಿಕೊಂಡು ಬರಬೇಕು. ಹೋಗುವಾಗ ಹೇಗೋ ಬಸ್ಸಿನಲ್ಲಿ ಹೋಗುತ್ತಿದ್ದರು, ಬರುವಾಗ ಮೈಯಲ್ಲಿ ಕಸುವೇ ಇರುತ್ತಿರಲಿಲ್ಲ. ಒಂದು ದಿನ ಬಸ್ಸಿನಲ್ಲಿ ಜಾಗ ಸಿಗದೆ ವೈನಿ ಮೆಟ್ಟಿಲ ಮೇಲೇ ಕೂತು ಬಂದರಂತೆ. ಮರುವಾರವೇ ಮಾಸ್ತರರು ಹುನಗುಂದದ ಡ್ರೈವಿಂಗ್ ಸ್ಕೂಲಿಗೆ ಹೆಸರು ಹಚ್ಚಿದರು.

ಅಲ್ಲಿ ಕಲಿತ ಗಾಡಿಯಲ್ಲಿ ಇಂಡಿಕೇಟರ್ ಬಲಗೈಗೆ ಇತ್ತು. ಆಮೇಲೆ ಕೊಂಡ ಸೆಕೆಂಡ್ ಹ್ಯಾಂಡ್ ಕಾರಿನಲ್ಲಿ ಅದು ಎಡಗೈಗೆ, ಬಲಕ್ಕೆ ವೈಪರ್. ಹೀಗಾಗಿ ಏಪ್ರಿಲ್ ತಿಂಗಳ ಬೆಂಕಿ ಬಿಸಿಲಲ್ಲಿ ಮಾಸ್ತರರು ನಮ್ಮ ಸರ್ಕಲ್ಲಿನಲ್ಲಿ ಹೊರಳುವಾಗಲೆಲ್ಲ ವೈಪರ್ ಕರಕರ ಎಂದು ಒಣ ಗಾಜು ಒರೆಸುತ್ತಿತ್ತು. ಪಾನ್ ಅಂಗಡಿಯವರು, "ಸರ, ಮಳಿ ಯಾವ ಕಡಿಂದ ಬಂತ್ರಿ?" ಎಂದು ಕೂಗುವರು. ಮಾಸ್ತರರು ಗಾಜು ಇಳಿಸಿ ಗಂಭೀರವಾಗಿ, "ನಾ ಬಲಕ್ಕ ಹೊಂಟೀನಿ ಅಂತ ಅದರ ಅರ್ಥ," ಎಂದು ಹೇಳಿ ಹೋಗುವರು. ಹದಿನೈದು ದಿನದಲ್ಲಿ ಊರಿಗೇ ರೂಢಿಯಾಯಿತು. ವೈಪರ್ ಆಡಿದರೆ ಸೈಕಲ್ಲಿನವರೂ ದಾರಿ ಬಿಡುತ್ತಿದ್ದರು.

"ಮೊದಲ ಓದು, ಆಮ್ಯಾಲ ಒತ್ತು." ಇದು ಅವರ ಮಂತ್ರ. ಕಾರಿನ ಜೊತೆ ಬಂದ ಇಂಗ್ಲಿಷ್ ಪುಸ್ತಕವನ್ನು ಅಕ್ಷರ ಬಿಡದೆ ಓದಿ, ಪ್ರತಿ ಗುಂಡಿಯ ಚಿತ್ರವನ್ನೂ ನೂರು ಪುಟದ ವಹಿಯಲ್ಲಿ ಪೆನ್ಸಿಲ್ಲಿನಿಂದ ಬರೆದು, ಎದುರಿಗೆ ಕನ್ನಡದಲ್ಲಿ ಅರ್ಥ ಬರೆದಿಟ್ಟಿದ್ದರು. ಆದರೂ ಸಮಾಧಾನವಿಲ್ಲ. ದಿನಕ್ಕೆ ಎರಡು ಸಲ ನನಗೆ ಫೋನು. ಪೆಟ್ರೋಲ್ ಮುಳ್ಳಿನ ಪಕ್ಕದಲ್ಲಿ ಸಣ್ಣ ಬಾಣದ ಗುರುತು ಇದೆ, ಅದು ಎತ್ತ ತೋರಿಸುತ್ತದೆ? ಹಿಂದಿನ ಗಾಜಿನ ಗೆರೆಗಳು ಬಿಸಿಯಾಗುತ್ತವಂತೆ, ನಮ್ಮ ಸೀಮೆಯಲ್ಲಿ ಅವುಗಳ ಕೆಲಸವೇನು? ಒಮ್ಮೆ ಹೊಗೆ ಬರುತ್ತಿದೆ ಎಂದು ಹೆದರಿ ಬಂದರು. ನೋಡಿದರೆ ಅದು ಏಸಿಯ ತಂಪು ಹಬೆ. ನಾನು ಬೇಸತ್ತು ಒಂದು ದಿನ ಸೀದಾ ಹೇಳಿಬಿಟ್ಟೆ.

"ಸರ, ಇಷ್ಟ ನೆನಪಿಡ್ರಿ. ಹಸರ ದೀಪ ಬಂದ್ರ ಸುಮ್ನಿರ್ರಿ. ಹಳದಿ ಬಂದ್ರ ನನ್ನ ಹಂತ್ಯಾಕ ಬರ್ರಿ. ಕೆಂಪು ಬಂದ್ರ ಇದ್ದಲ್ಲೇ ಎಂಜಿನ್ ಬಂದ್ ಮಾಡ್ರಿ. ವಿಚಾರ ಮಾಡಾಕ ಹೋಗಬ್ಯಾಡ್ರಿ."

ಅವರು ವಹಿ ತೆಗೆದು ಮೊದಲ ಪುಟದಲ್ಲಿ ಅದನ್ನು ಬರೆದುಕೊಂಡರು. ಕೆಳಗೆ ನನ್ನ ಹೆಸರನ್ನೂ ಬರೆದರು. ಮಾಸ್ತರರು ಶಿಷ್ಯನ ಮಾತು ಬರೆದುಕೊಂಡರೆಂದು ನಾನು ಆ ದಿನವೆಲ್ಲ ಉಬ್ಬಿದ್ದೆ.

ವೈನಿಗೆ ಈ ಓದು ಬರಹವೆಲ್ಲ ತಮಾಷೆ. ಅವರು ಹಿಂದಿನ ಸೀಟಿನಲ್ಲಿ ದಿಂಬಿಗೆ ಒರಗಿ ಕೂತು ಗಂಡನ ಡ್ರೈವಿಂಗ್ ನೋಡುತ್ತಿದ್ದರು. ಒಮ್ಮೆ ಗಿರಣಿಯಿಂದ ಬೀಸಿಕೊಂಡು ಬಂದ ಜೋಳದ ಹಿಟ್ಟಿನ ಡಬ್ಬಿಯನ್ನು ಮುಂದಿನ ಸೀಟಿನ ಮೇಲೆ ಇಟ್ಟಿದ್ದರು. ಯಾರೋ ಕೂತಿದ್ದಾರೆಂದು ತಿಳಿದು ಕಾರು ಬೆಲ್ಟ್ ಹಾಕಿ ಎಂದು ಕೀಂ ಕೀಂ ಎನ್ನತೊಡಗಿತು. ಮಾಸ್ತರರು ಇಳಿದು ಬಂದು ಡಬ್ಬಿಗೆ ಬೆಲ್ಟ್ ಬಿಗಿದರು. ಅದು ನನ್ನ ಅಂಗಡಿಯ ಮುಂದೆಯೇ ಆದದ್ದು.

"ಅಲ್ರೀ, ಹಿಟ್ಟಿನ ಡಬ್ಬಿಗೆ ಬೆಲ್ಟ್ ಹಾಕಿದ್ರಿ, ಹಿಂದ ನಾ ಉರುಳಾಡ್ಲಿಕತ್ತೀನಿ," ಅಂದರು ವೈನಿ.

"ಡಬ್ಬಿ ಒದರತದ. ನೀ ಒದರೂದಿಲ್ಲಲ್ಲ," ಅಂದರು ಮಾಸ್ತರರು.

ವೈನಿ ಕೆಮ್ಮು ಬರುವವರೆಗೆ ನಕ್ಕರು. ಖರೆ ಹೇಳಬೇಕೆಂದರೆ, ಅವರು ಯಾವುದಕ್ಕೂ ಒದರುವವರಲ್ಲ. ಕೈತುಂಬ ಸೂಜಿಯ ಗಾಯಗಳಿದ್ದರೂ ಸೆರಗಿನಲ್ಲಿ ಮುಚ್ಚಿಕೊಂಡು, "ಇಮಾಮ, ಊಟಾತೇನೋ?" ಎಂದು ಕೇಳಿಯೇ ಮುಂದಿನ ಮಾತು. ಹೀಗೆ ಎರಡು ವರ್ಷ ನಡೆಯಿತು. ಅಷ್ಟು ದಿನದಲ್ಲಿ ಮಾಸ್ತರರು ಒಂದು ಸಲವೂ ಆಸ್ಪತ್ರೆಯ ಹೊತ್ತು ತಪ್ಪಿಸಲಿಲ್ಲ.

ಆ ಶನಿವಾರ ಸಂಜೆ ಅಂಗಡಿಯಲ್ಲಿ ಐದಾರು ಮಂದಿ ಇದ್ದರು. ಮಾಸ್ತರರು ಕಾರು ನಿಲ್ಲಿಸಿ ಬಂದು ಎಲ್ಲರ ಹಿಂದೆ ನಿಂತರು. ತಮ್ಮ ಪಾಳಿ ಬಂದಾಗ, "ಇಮಾಮ, ನಿನ್ನೆಯಿಂದ ಹಾರ್ನ್ ಹೊಡದ್ರ ಮುಂದಿನ ಲೈಟ್ ಮಬ್ಬಾಗ್ಲಿಕತ್ತಾವ. ಸ್ವಲ್ಪ ನೋಡ್ತೀ ಏನು?" ಅಂದರು.

ಎದ್ದು ಹೋಗಿ ಮೀಟರ್ ಹಚ್ಚಿದ್ದರೆ ಎರಡು ನಿಮಿಷದ ಕೆಲಸ. ಆದರೆ ಅದು ಆ ವಾರದ ಎಷ್ಟನೆಯ ದೂರೋ. ಮೇಲಾಗಿ ಐದಾರು ಮಂದಿ ಕೇಳುತ್ತಿದ್ದರು. "ಸರ, ಲೈಟ್ ಮಬ್ಬಾಗಿಲ್ರಿ. ನಿಮ್ಮ ಚಶ್ಮಾ ಮಬ್ಬಾಗೇತಿ, ಒರಸ್ಕೋರಿ," ಅಂದೆ. ಎಲ್ಲರೂ ಹೋ ಎಂದು ನಕ್ಕರು. ಮಾಸ್ತರರೂ ನಕ್ಕರು. ಧೋತರದ ಚುಂಗಿನಿಂದ ಚಶ್ಮಾ ಒರೆಸಿಕೊಂಡು, "ಇರಬಹುದಪಾ," ಎಂದು ಹೊರಟುಹೋದರು.

ಶನಿವಾರ, ಭಾನುವಾರ ಎರಡೂ ದಿನ ರಕ್ತ ತೊಳೆಸುವುದಕ್ಕೆ ಬಿಡುವು, ಹೀಗಾಗಿ ಸೋಮವಾರ ವೈನಿಗೆ ಯಾವಾಗಲೂ ತ್ರಾಸು. ಮೈಯಲ್ಲಿ ನೀರು ತುಂಬಿ ಉಬ್ಬಸ ಹತ್ತುತ್ತಿತ್ತು. ಆ ಸಲ ಬಿಸಿಲು ತಡೆಯದೆ ಒಂದು ಲೋಟ ಮಜ್ಜಿಗೆ ಹೆಚ್ಚಿಗೆ ಕುಡಿದಿದ್ದರಂತೆ. ಬೆಳಿಗ್ಗೆ ಹತ್ತರ ಸುಮಾರಿಗೆ ಬಾಗಲಕೋಟೆ ದಾರಿಯಿಂದ ಮಾಸ್ತರರ ಫೋನು ಬಂತು.

"ಇಮಾಮ, ಕೆಂಪು ಬಂದದ. ಶಿರೂರ ಇನ್ನೂ ಎರಡು ಮೈಲಿ ಅದ."

"ಯಾವ ಚಿತ್ರ ಐತ್ರಿ ಸರ?"

"ಬ್ಯಾಟರಿದು."

ಶನಿವಾರದ ಮಬ್ಬು ಲೈಟು ಏನೆಂದು ಆಗ ತಿಳಿಯಿತು. ಓಡುವಾಗ ಬ್ಯಾಟರಿಗೆ ಕರೆಂಟು ತುಂಬಬೇಕಾದ ಡೈನಮೋ ಚಾರ್ಜ್ ಮಾಡುತ್ತಿರಲಿಲ್ಲ. ಬ್ಯಾಟರಿಯಲ್ಲಿ ಉಳಿದಷ್ಟರ ಮೇಲೇ ಗಾಡಿ ಓಡುತ್ತಿತ್ತು. "ಸರ, ಎಂಜಿನ್ ಬಂದ್ ಮಾಡಬ್ಯಾಡ್ರಿ! ಏಸಿ ಬಂದ್ ಮಾಡ್ರಿ, ಟೇಪ್ ಬಂದ್ ಮಾಡ್ರಿ, ದೀಪ ಉರದ್ರ ಉರೀಲಿ, ಹಂಗ ಹೊಡಕೊಂಡ ಹೋಗ್ರಿ!"

"ಬಂದ್ ಮಾಡೀನಲ್ಲೋ," ಅಂದರು. "ನೀನೇ ಹೇಳಿದ್ದಿ."

ತಿರುಗಿ ಚಾಲೂ ಮಾಡಲು ಹೇಳಿದೆ. ಫೋನಿನಲ್ಲೇ ಕೇಳಿಸಿತು, ಟಕ್ ಟಕ್ ಟಕ್. ಓಡುವ ಎಂಜಿನ್ನಿಗೆ ಕರೆಂಟು ಸ್ವಲ್ಪ ಸಾಕು, ನಿಂತ ಎಂಜಿನ್ ಎಬ್ಬಿಸಲು ಭಾಳ ಬೇಕು. ಅಷ್ಟು ಆ ಬ್ಯಾಟರಿಯಲ್ಲಿ ಇರಲಿಲ್ಲ. "ಹತ್ತ ನಿಮಿಷದಾಗ ಬರ್ತೇನಿ ಸರ," ಅಂದೆ. ಅಂಗಡಿಯಲ್ಲಿದ್ದ ಒಂದೇ ಕಾರಿನ ಡ್ಯಾಶ್‌ಬೋರ್ಡ್ ಬಿಚ್ಚಿ ಹರವಿದ್ದೆ, ಅದು ಓಡುವಂತಿರಲಿಲ್ಲ. ಅದರ ಬ್ಯಾಟರಿ ಕಳಚಿ, ಬೈಕಿನ ಹಿಂದೆ ರಬ್ಬರಿನಿಂದ ಕಟ್ಟಿ, ಹೋಗಿ ಮುಟ್ಟುವ ಹೊತ್ತಿಗೆ ನಲವತ್ತು ನಿಮಿಷ.

ಹೊಲದಿಂದ ಬಂದ ನಾಲ್ಕು ಮಂದಿ ಕಾರು ದೂಡಿ ದೂಡಿ ಸೋತು ರಸ್ತೆಯ ಬದಿಗೆ ಕೂತಿದ್ದರು. ದೂಡುವಾಗ ಕ್ಲಚ್ ಯಾವಾಗ ಬಿಡಬೇಕೆಂಬುದು ಮಾಸ್ತರರ ವಹಿಯಲ್ಲಿ ಇರಲಿಲ್ಲ. ಅವರಿನ್ನೂ ಬೆಲ್ಟ್ ಹಾಕಿಕೊಂಡೇ ಸ್ಟೇರಿಂಗ್ ಹಿಡಿದು ಕೂತಿದ್ದರು, ಅಂಗಿ ಒದ್ದೆಯಾಗಿತ್ತು. ಆಂಬುಲೆನ್ಸಿಗೆ ಹೇಳಿದ್ದರು, ಅದು ಬೇರೆ ಊರಿಗೆ ಹೋಗಿತ್ತು. ಬಸ್ಸು ನಿಲ್ಲಿಸಿದರೆ ವೈನಿಗೆ ಮೆಟ್ಟಿಲು ಹತ್ತಲು ಆಗಲಿಲ್ಲ. ದೂಡಿದವರಲ್ಲೊಬ್ಬ ನನಗೆ ಹೇಳಿದ, "ಒಂದು ಟೆಂಪೋದವ ನಿಂತಿದ್ದ್ರಿ. ಅಮ್ಮಾರೇ ಬ್ಯಾಡ ಅಂದ್ರು. ಇಮಾಮ ಬರ್ತಾನ, ಹತ್ತ ನಿಮಿಷ ಅಂದಾನ ಅಂದ್ರು."

ವೈನಿ ಮೊಣಕಾಲ ಮೇಲೆ ಕೈಯೂರಿ ಮುಂದಕ್ಕೆ ಬಾಗಿ ಕೂತಿದ್ದರು. ಗಂಟಲಲ್ಲಿ ಗೊರಗೊರ ಸಪ್ಪಳ. ತುಟಿ ನೀಲಿಯಾಗಿತ್ತು. ನನ್ನನ್ನು ನೋಡಿ, "ಬಂದೀ?" ಅಂದರು, ಅಷ್ಟೇ.

ಬ್ಯಾಟರಿ ಬದಲಿಸಿ ನಾನೇ ಕಾರು ಓಡಿಸಿದೆ. ಮಾಸ್ತರರು ಪಕ್ಕದಲ್ಲಿ ಕೂತಿದ್ದರು. ಕೆಂಪು ದೀಪ ಆರಲಿಲ್ಲ; ಡೈನಮೋ ಕೆಟ್ಟೇ ಇತ್ತು, ಆರುವಂತೆಯೂ ಇರಲಿಲ್ಲ. ಬಾಗಲಕೋಟೆಯವರೆಗೂ ಅದು ಉರಿಯುತ್ತಲೇ ಇತ್ತು, ಕಾರು ಓಡುತ್ತಲೇ ಇತ್ತು. ಅವರು ಹಿಂದೆ ಹೊರಳಿ ವೈನಿಯನ್ನು ನೋಡುವರು, ಮತ್ತೆ ಆ ದೀಪವನ್ನು ನೋಡುವರು. ಯಾವುದಾದರೂ ಗುಂಡಿ ಒತ್ತಿದರೆ ಆಕೆಗೆ ಉಸಿರು ಬರುವಂತಿದ್ದರೆ ಆ ಮನುಷ್ಯ ಓದದೆಯೇ ಒತ್ತುತ್ತಿದ್ದರು. ನನಗೂ ಆಕ್ಸಿಲರೇಟರ್ ತುಳಿಯುವುದು ಬಿಟ್ಟು ಬೇರೆ ಏನೂ ತೋಚಲಿಲ್ಲ.

ಮಧ್ಯಾಹ್ನ ನಾಲ್ಕಕ್ಕೆ ವೈನಿ ಹೋದರು. ಡಾಕ್ಟರು, "ಒಂದು ತಾಸು ಮೊದಲು ಬಂದಿದ್ದರೆ..." ಎಂದು ಶುರು ಮಾಡಿ, ಮಾಸ್ತರರ ಮುಖ ನೋಡಿ ಕೈಯಲ್ಲಿದ್ದ ಕಾಗದ ತಿರುವಿದರು.

ಕಾರನ್ನು ನಾನು ಅಂಗಡಿಗೆ ತಂದೆ. ಡೈನಮೋ ಬಿಚ್ಚಿದೆ. ಒಳಗಿನ ಕಾರ್ಬನ್ ತುಂಡು ಸವೆದು ಚೂರಾಗಿತ್ತು, ಶನಿವಾರ ನೋಡಿದ್ದರೆ ಅರ್ಧ ತಾಸಿನಲ್ಲಿ ಹೊಸದು ಹಾಕಬಹುದಿತ್ತು. ಆಮೇಲೆ ಹಳೆಯ ಬ್ಯಾಟರಿಗೆ ಮೀಟರ್ ಹಚ್ಚಿದೆ. ಹಚ್ಚಬಾರದಿತ್ತು. ಎಂಜಿನ್ ಬಂದ್ ಮಾಡದಿದ್ದರೆ ಆ ಬ್ಯಾಟರಿ ಬಾಗಲಕೋಟೆ ಮುಟ್ಟಿಸಿ ಇನ್ನೂ ಸ್ವಲ್ಪ ಉಳಿಯುತ್ತಿತ್ತು. ಬಂದ್ ಮಾಡ್ರಿ ಅಂದವನು ನಾನು, ಚಶ್ಮಾ ಒರಸ್ಕೋರಿ ಅಂದವನೂ ನಾನೇ. ಆ ರಾತ್ರಿ ಊಟ ಸೇರಲಿಲ್ಲ. ಮಾಸ್ತರರಿಗೆ ನಾಳೆ ಹೇಳುತ್ತೇನೆ, ದಿನಕರ್ಮ ಮುಗಿಯಲಿ, ತಿಂಗಳಾಗಲಿ ಎಂದು ಮುಂದೂಡುತ್ತ ಹೋದೆ.

ಈಗ ಮಾಸ್ತರರೂ ಇಲ್ಲ. ಆಷಾಢದಲ್ಲಿ ಒಂದು ಬೆಳಿಗ್ಗೆ ಮಲಗಿದಲ್ಲೇ ಹೋಗಿದ್ದರು. ಅದಕ್ಕೆ ಹತ್ತು ದಿನ ಮೊದಲು ಅಂಗಡಿಗೆ ಬಂದಿದ್ದರು. ಅದೇ ಕೊನೆ. ಮಧ್ಯಾಹ್ನದ ಹೊತ್ತು, ಗಿರಾಕಿಗಳಿರಲಿಲ್ಲ. ನಡೆದುಕೊಂಡೇ ಬಂದಿದ್ದರು. ಗಡ್ಡ ಬೆಳೆದಿತ್ತು. ಸ್ಟೂಲಿನ ಮೇಲೆ ಕೂತು, ನೀರು ಕೊಟ್ಟರೆ ಕುಡಿದು, ಬಹಳ ಹೊತ್ತು ರಸ್ತೆ ನೋಡಿದರು.

"ಇಮಾಮ, ಒಂದು ಕೇಳ್ತೀನಿ. ನನಗ ಸಮಾಧಾನ ಆಗ್ಲಿ ಅಂತ ಹೇಳಬ್ಯಾಡ, ಇದ್ದದ್ದು ಹೇಳು."

"ಕೇಳ್ರಿ ಸರ."

"ದೀಪ ಬಂದಾಗ ಆಕಿ ಹಿಂದಿಂದ ಅಂದಳು, ಉರೀಲಿ ಬಿಡ್ರಿ, ಹೋಗೋಣು ಅಂತ. ನಾ ಏನಂದೆ ಗೊತ್ತೇನು? ನಿನಗ ತಿಳಿಯೂದಿಲ್ಲ, ಸುಮ್ಮನ ಕೂಡು ಅಂದೆ." ಅವರು ಚಶ್ಮಾ ತೆಗೆದು ಒರೆಸಿಕೊಂಡರು. "ನೀ ಹೊಡೀವಾಗೂ ಆ ದೀಪ ಉರೀತಿತ್ತು. ಆದ್ರೂ ಗಾಡಿ ಹೋತು. ಅವತ್ತ ನಾ ಬಂದ್ ಮಾಡದಿದ್ರ ಮುಟ್ಟತಿತ್ತೇನು?"

ನಾನು ಕೈಯಲ್ಲಿದ್ದ ವೈರಿನ ತುದಿ ನೋಡುತ್ತ ಹೇಳಿದೆ. "ಇಲ್ರಿ ಸರ. ನಾ ತಂದ ಬ್ಯಾಟರಿ ಪೂರಾ ಚಾರ್ಜ್ ಇತ್ತು, ಅದರ ಮ್ಯಾಲ ಹೋತು. ನಿಮ್ಮದು ಅರ್ಧ ಮೈಲಿ ಸೈತ ಎಳೀತಿರಲಿಲ್ಲ. ನೀವು ಬಂದ್ ಮಾಡದಿದ್ರೂ ಅದು ನಿಂತಬಿಡತಿತ್ತು."

"ಖರೆ?"

"ಖರೆ ಸರ. ನಿಮ್ಮ ಆಣಿ."

ಅವರು ನನ್ನನ್ನೇ ನೋಡಿದರು. ಆಮೇಲೆ ಕಣ್ಣು ಮುಚ್ಚಿ ದೊಡ್ಡದಾಗಿ ಉಸಿರು ಬಿಟ್ಟರು. ಎದ್ದು ನಿಂತು, ಹತ್ತನೇ ಇಯತ್ತೆ ಪಾಸಾದ ದಿನ ಇಟ್ಟಂತೆ ನನ್ನ ತಲೆಯ ಮೇಲೆ ಕೈ ಇಟ್ಟರು.

"ಹಂಗಾದ್ರ ಇದು ಯಾರ ತಪ್ಪೂ ಅಲ್ಲ, ಇಮಾಮ," ಅಂದರು.

"ಹೌದ್ರಿ ಸರ," ಅಂದೆ.